ಹೆಸರು ಒಂದೇ, ಪೆಟ್ಟಿಗೆ ಬೇರೆ: ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೋಲಿಕೆ, ವೇಗ ಮತ್ತು ತಂಪು

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಮೊದಲು ಹುಡುಕುವುದು ಹೋಲಿಕೆಯ ಪಟ್ಟಿ. ಯಾವ ಆಟದಲ್ಲಿ ಯಾವ ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್ ಕೊಡುತ್ತದೆ, ಬ್ಲೆಂಡರ್‌ನಲ್ಲಿ ಒಂದು ದೃಶ್ಯ ಎಷ್ಟು ನಿಮಿಷಕ್ಕೆ ರೆಂಡರ್ ಆಗುತ್ತದೆ, ಯಾವುದಕ್ಕೆ ಎಷ್ಟು ಬೆಲೆ. ಈ ಪಟ್ಟಿಗಳಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಅವು ಅಳೆದಿರುವುದು ತೆರೆದ ಮೇಜಿನ ಮೇಲೆ ಅಥವಾ ಗಾಳಿ ಧಾರಾಳವಾಗಿ ಆಡುವ ಕ್ಯಾಬಿನೆಟ್ಟಿನಲ್ಲಿ, ಎಸಿ ಹಾಕಿದ ಕೋಣೆಯಲ್ಲಿ, ಬೇಕಾದ್ದಕ್ಕಿಂತ ದುಪ್ಪಟ್ಟು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ಜೋಡಿಸಿದ ಕಾರ್ಡನ್ನು. ಅದೇ ಹೆಸರಿನ ಕಾರ್ಡು ಡೆಲ್, ಎಚ್‌ಪಿ, ಲೆನೊವೊ ಅಥವಾ ಏಸರ್‌ನ ಸಿದ್ಧ ಡೆಸ್ಕ್‌ಟಾಪಿನೊಳಗೆ ಕೂತಾಗ ಅದರ ಸುತ್ತ ಇರುವುದು ಬೇರೆಯೇ ಪ್ರಪಂಚ. ಹಿಂದೆ ಒಂದು ಚಿಕ್ಕ ಫ್ಯಾನ್, ಮುಂದೆ ಮುಚ್ಚಿದ ಪ್ಲಾಸ್ಟಿಕ್ ಮುಖ, ಕಂಪನಿಯೇ ಅಳೆದು ಕೊಟ್ಟ ಎಸ್‌ಎಂಪಿಎಸ್.

ಹಾಗಾಗಿ ಸಿದ್ಧ ಡೆಸ್ಕ್‌ಟಾಪ್‌ಗಳ ಮಟ್ಟಿಗೆ ಹೋಲಿಕೆ, ಓವರ್‌ಕ್ಲಾಕಿಂಗ್, ಕೂಲಿಂಗ್ ಮೂರನ್ನೂ ಬೇರೆಬೇರೆಯಾಗಿ ಚರ್ಚಿಸುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಅನ್ನಿಸಿದೆ. ಪೆಟ್ಟಿಗೆ ಕಾರ್ಡಿಗೆ ಎಷ್ಟು ವಾಟ್ ಕೊಡಬಲ್ಲದು, ಅಷ್ಟೂ ವಾಟ್ ಬಿಸಿಯಾಗಿ ಮಾರ್ಪಟ್ಟ ಮೇಲೆ ಅದನ್ನು ಎಷ್ಟು ಬೇಗ ಹೊರಗೆ ಹಾಕಬಲ್ಲದು ಎಂಬ ಒಂದು ಲೆಕ್ಕದಲ್ಲಿ ಮೂರೂ ಸೇರಿಕೊಂಡಿವೆ. ಆ ಲೆಕ್ಕ ಮಾಡದೆ ಕಾರ್ಡಿನ ಹೆಸರನ್ನಷ್ಟೇ ನೋಡಿ ಕೊಂಡವರು ಕೊಟ್ಟ ದುಡ್ಡಿನ ಒಂದು ಪಾಲನ್ನು ಬಳಸುವುದೇ ಇಲ್ಲ.

ನಮ್ಮಲ್ಲಿ ಈ ಪ್ರಶ್ನೆಗೆ ಇನ್ನೊಂದು ಆಯಾಮವಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳುವವರ ಮುಂದೆ ಮೊದಲಿನಿಂದಲೂ ಎರಡು ದಾರಿ: ಅಸೆಂಬಲ್ಡ್ ಅಥವಾ ಬ್ರಾಂಡೆಡ್. ಗೇಮ್ ಆಡುವ ಹುಡುಗರು ಅಸೆಂಬಲ್ಡ್ ಕಡೆಗೆ ಹೋದರೆ, ಕಚೇರಿಗಳು ಬ್ರಾಂಡೆಡ್ ಕೊಂಡವು. ಈಗ ಆ ಕಚೇರಿಗಳು ಬಿಟ್ಟುಕೊಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಅದೇ ಅಂಗಡಿಗಳಿಗೆ ರಿಫರ್ಬಿಶ್ಡ್ ಮಾಲಾಗಿ ಬರುತ್ತಿವೆ. ಗಟ್ಟಿ ಮದರ್‌ಬೋರ್ಡ್, ಕೆಲಸಕ್ಕೆ ಸಾಕಾಗುವ ಪ್ರೊಸೆಸರ್, ಕಡಿಮೆ ಬೆಲೆ. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮದುವೆ ವಿಡಿಯೊ ಎಡಿಟ್ ಮಾಡುವ ಸಣ್ಣ ಸ್ಟುಡಿಯೊಗೂ, ಅನಿಮೇಶನ್ ಕಲಿಯುವ ವಿದ್ಯಾರ್ಥಿಗೂ ಒಂದು ಯಂತ್ರ ಸಿಗುತ್ತದೆ. ಹಾಗಾಗಿ ಎರಡು ಲಕ್ಷ ಕೊಟ್ಟು ಏಲಿಯನ್‌ವೇರ್ ಕೊಳ್ಳುವವರಿಗೂ, ಹಳೆಯ ಆಪ್ಟಿಪ್ಲೆಕ್ಸ್‌ಗೆ ಕಾರ್ಡ್ ಹುಡುಕುವವರಿಗೂ ಇರುವುದು ಒಂದೇ ಪ್ರಶ್ನೆ. ಎರಡನೆಯವರಿಗೆ ಅದರ ಬಿಗಿ ಹೆಚ್ಚು.

ವಿದ್ಯುತ್ತಿನಿಂದಲೇ ಶುರುಮಾಡೋಣ. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಗ್ರಾಫಿಕ್ಸ್ ಕಾರ್ಡಿಗೆ ಗರಿಷ್ಠ 75 ವಾಟ್ ಕೊಡಬಹುದು ಎಂಬುದು ನಿಯಮ. ಅದರಲ್ಲೂ 12 ವೋಲ್ಟ್ ತಂತಿಯಿಂದ ಬರುವುದು 5.5 ಆಂಪಿಯರ್, ಅಂದರೆ 66 ವಾಟ್, ಮಿಕ್ಕದ್ದು 3.3 ವೋಲ್ಟ್‌ನಿಂದ. ಇದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬರಬೇಕು. 6 ಪಿನ್ನಿನದಾದರೆ 75 ವಾಟ್, 8 ಪಿನ್ನಿನದಾದರೆ 150 ವಾಟ್. ಕಚೇರಿಯ ಡೆಸ್ಕ್‌ಟಾಪ್‌ಗಳಲ್ಲಿ ಈ ಕೇಬಲ್ ಸಾಮಾನ್ಯವಾಗಿ ಇರುವುದೇ ಇಲ್ಲ. ಆಪ್ಟಿಪ್ಲೆಕ್ಸ್ 9020ರ ಟವರ್ ಮಾದರಿಗೆ ಡೆಲ್ ಕೊಟ್ಟದ್ದು 290 ವಾಟ್‌ನ ಎಸ್‌ಎಂಪಿಎಸ್, ಚಿಕ್ಕ ಎಸ್‌ಎಫ್‌ಎಫ್ ಮಾದರಿಗೆ 255 ವಾಟ್. ಬೇರೆ ಎಸ್‌ಎಂಪಿಎಸ್ ತಂದು ಹಾಕೋಣ ಎಂದರೆ ಹಲವು ಬ್ರಾಂಡೆಡ್ ಯಂತ್ರಗಳ ಮದರ್‌ಬೋರ್ಡ್ ಕನೆಕ್ಟರ್ ಕಂಪನಿಯದೇ ಸ್ವಂತ ಅಳತೆಯದು; ಮಾರುಕಟ್ಟೆಯ 24 ಪಿನ್ನಿನ ಪ್ಲಗ್ ಅದಕ್ಕೆ ಕೂರುವುದಿಲ್ಲ. ಕೆಲವು ಚಿಕ್ಕ ಪೆಟ್ಟಿಗೆಗಳಲ್ಲಂತೂ ಸ್ಲಾಟ್ 75 ವಾಟ್‌ಗಿಂತ ಕಡಿಮೆಯನ್ನೇ ಕೊಡುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಕಾರ್ಡ್ ಕೊಳ್ಳುವ ಮುಂಚೆ ಓದಬೇಕಾದದ್ದು ಆ ಒಂದು ಸಾಲು.

ಈ ಮಿತಿಯೊಳಗೆ ಬರುವ ಕಾರ್ಡುಗಳ ಸಾಲು ಚಿಕ್ಕದು, ಆದರೆ ಕುತೂಹಲದ್ದು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650 ಎರಡೂ 75 ವಾಟ್‌ನವು. 2021ರಲ್ಲಿ ಬಂದ ಆರ್‌ಟಿಎಕ್ಸ್ ಎ2000 ವೃತ್ತಿಪರರ ಕಾರ್ಡು. ಅರ್ಧ ಎತ್ತರದ ದೇಹ, 70 ವಾಟ್, ಆದರೆ 3328 ಕೋರ್‌ಗಳು. ಎಎಂಡಿಯ ಆರ್‌ಎಕ್ಸ್ 6400 ಬರೀ 53 ವಾಟ್‌ನದು. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050ಕ್ಕೆ 70 ವಾಟ್ ಸಾಕು. ಕೇಬಲ್ ಇಲ್ಲದ ಹಳೆಯ ಬ್ರಾಂಡೆಡ್ ಯಂತ್ರಕ್ಕೆ ಹೊಸದಾಗಿ ಕೊಳ್ಳಬಹುದಾದ ಎಲ್ಲರ ಬಳಕೆಯ ಕಾರ್ಡುಗಳಲ್ಲಿ ನಾನು ಮೊದಲು ಹೆಸರಿಸುವುದು ಈ ಕೊನೆಯದನ್ನೇ.

ಆರ್‌ಎಕ್ಸ್ 6400 ಅನ್ನು ಏಕೆ ಹೆಸರಿಸುವುದಿಲ್ಲ ಎಂಬುದರಲ್ಲಿ ಹೋಲಿಕೆಯ ಒಂದು ಮುಖ್ಯ ಪಾಠವಿದೆ. ಅದು ಮದರ್‌ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ. ಪಿಸಿಐ ಎಕ್ಸ್‌ಪ್ರೆಸ್ 4ನೇ ಪೀಳಿಗೆಯ ಸ್ಲಾಟ್‌ನಲ್ಲಿ ಅಷ್ಟು ನಡೆಯುತ್ತದೆ. ಆದರೆ ಕಚೇರಿಯಿಂದ ಬಂದ ಹಳೆಯ ಯಂತ್ರಗಳಲ್ಲಿರುವುದು 3ನೇ ಪೀಳಿಗೆ. ಅಲ್ಲಿ ನಾಲ್ಕು ಲೇನ್‌ಗಳ ಸಾಮರ್ಥ್ಯ ಸೆಕೆಂಡಿಗೆ ಸುಮಾರು 4 ಜಿಬಿಗೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ, ಮಿಕ್ಕ ದತ್ತಾಂಶ ಕಂಪ್ಯೂಟರಿನ ರ‍್ಯಾಮ್‌ನಿಂದ ಬರಬೇಕಾದಾಗ ಆಟ ತಡವರಿಸುತ್ತದೆ. ಅದರ ಅಣ್ಣ ಆರ್‌ಎಕ್ಸ್ 6500 ಎಕ್ಸ್‌ಟಿಗೂ 2022ರ ಜನವರಿಯಲ್ಲಿ ಇದೇ ದೂರು ಬಂದಿತ್ತು. ಜೊತೆಗೆ ಈ ಎರಡೂ ಕಾರ್ಡುಗಳಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ. ವಿಡಿಯೊ ಎಡಿಟ್ ಮಾಡುವವರಿಗೆ ಅದು ದೊಡ್ಡ ಕೊರತೆ. ಇಂಟೆಲ್‌ನ ಆರ್ಕ್ ಕಾರ್ಡುಗಳದ್ದು ಇನ್ನೊಂದು ಕಥೆ. ಅವುಗಳ ಎನ್‌ಕೋಡರ್ ಬಹಳ ಒಳ್ಳೆಯದು, ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದಿದ್ದರೆ ಆಟಗಳಲ್ಲಿ ಅವು ತೀರಾ ಹಿಂದೆ ಬೀಳುತ್ತವೆ. ಹತ್ತು ವರ್ಷ ಹಳೆಯ ಕಚೇರಿ ಯಂತ್ರಗಳಲ್ಲಿ ಅದು ಇರುವುದಿಲ್ಲ. ಹೊಸ ಮದರ್‌ಬೋರ್ಡಿನ ಮೇಲೆ ಮಾಡಿದ ಹೋಲಿಕೆಯ ಪಟ್ಟಿಯಲ್ಲಿ ಈ ಯಾವ ವ್ಯತ್ಯಾಸವೂ ಕಾಣಿಸುವುದಿಲ್ಲ.

ಇನ್ನು ಹೆಸರುಗಳ ವಿಷಯ. ಗ್ರಾಫಿಕ್ಸ್ ಚಿಪ್ ಕಂಪನಿಗಳು ಒಂದೇ ಹೆಸರಿನಡಿ ಬೇರೆಬೇರೆ ಸರಕು ಮಾರುವುದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ಅದರ ಹೆಚ್ಚಿನ ಹೊರೆ ಬೀಳುವುದು ಸಿದ್ಧ ಪಿಸಿ ಕೊಳ್ಳುವವರ ಮೇಲೆ. ಏಕೆಂದರೆ ಅವರಿಗೆ ಸಿಗುವ ವಿವರ ಪಟ್ಟಿಯಲ್ಲಿ ಹೆಸರು ಮತ್ತು ಮೆಮೊರಿ ಗಾತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಜಿಟಿ 1030 ಎಂಬ ಪುಟ್ಟ ಕಾರ್ಡು 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡೂ ಬಂತು. ಮೊದಲನೆಯದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಎರಡನೆಯದರದು 16.8. ಜಿಟಿಎಕ್ಸ್ 1060ರ 6 ಜಿಬಿ ಮತ್ತು 3 ಜಿಬಿ ಮಾದರಿಗಳು ಮೆಮೊರಿಯಲ್ಲಷ್ಟೇ ಬೇರೆ ಎಂದು ಯಾರಾದರೂ ತಿಳಿದರೆ ತಪ್ಪೇನಿಲ್ಲ, ಆದರೆ ಕೋರ್‌ಗಳೂ 1280ರಿಂದ 1152ಕ್ಕೆ ಇಳಿದಿದ್ದವು. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯ ಮೆಮೊರಿ ವೇಗ ಸೆಕೆಂಡಿಗೆ 360 ಜಿಬಿ; 2022ರ ಕೊನೆಗೆ ಬಂದ 8 ಜಿಬಿ ಮಾದರಿಯದು 240 ಮಾತ್ರ. ನಾನು ಮೇಲೆ ಹೊಗಳಿದ 6 ಜಿಬಿಯ 3050 ಕೂಡ ಈ ಸಾಲಿಗೇ ಸೇರಿದ್ದು: 8 ಜಿಬಿಯ 3050ರಲ್ಲಿ 2560 ಕೋರ್, 130 ವಾಟ್, ಇದರಲ್ಲಿ 2304 ಕೋರ್, 70 ವಾಟ್. ಕಾರ್ಡು ಒಳ್ಳೆಯದೇ. ಆದರೆ ಅದಕ್ಕೆ ಬೇರೆ ಹೆಸರು ಕೊಡಬೇಕಿತ್ತು.

ಒಮ್ಮೆ ಮಾತ್ರ ಕೊಳ್ಳುವವರ ಕೂಗು ಗೆದ್ದಿತು. 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4080 ಎಂಬ ಹೆಸರಿನಲ್ಲಿ 16 ಜಿಬಿ, 12 ಜಿಬಿಯ ಎರಡು ಕಾರ್ಡುಗಳನ್ನು ಘೋಷಿಸಿತು. ಒಂದರಲ್ಲಿ 9728 ಕೋರ್, ಇನ್ನೊಂದರಲ್ಲಿ 7680. ಟೀಕೆ ಎಷ್ಟು ಜೋರಾಯಿತೆಂದರೆ ಅಕ್ಟೋಬರಿನಲ್ಲಿ ಕಂಪನಿ 12 ಜಿಬಿಯದನ್ನು ಹಿಂತೆಗೆದುಕೊಂಡು, 2023ರ ಜನವರಿಯಲ್ಲಿ ಅದನ್ನೇ 4070 ಟಿಐ ಎಂಬ ಹೆಸರಿನಲ್ಲಿ ಮಾರಿತು.

ಸಿದ್ಧ ಪಿಸಿಗಳಿಗೆ ಇನ್ನೊಂದು ತೊಡಕಿದೆ. ದೊಡ್ಡ ಕಂಪನಿಗಳು ಅಂಗಡಿಯಲ್ಲಿ ಸಿಗುವ ಏಸುಸ್, ಎಂಎಸ್‌ಐ, ಗಿಗಾಬೈಟ್ ಕಾರ್ಡುಗಳ ಬದಲು ತಮಗಾಗಿಯೇ ಮಾಡಿಸಿದ ಒಇಎಂ ಕಾರ್ಡುಗಳನ್ನು ಹಾಕುತ್ತವೆ. ಚಿಪ್ ಅದೇ. ಹೀಟ್‌ಸಿಂಕ್ ಚಿಕ್ಕದು, ಫ್ಯಾನ್ ಸಾಧಾರಣ, ಬಯಾಸ್‌ನಲ್ಲಿ ವಿದ್ಯುತ್ ಮಿತಿ ಬಿಗಿ. ಚಿಕ್ಕ ದೇಹದಿಂದ ಒಂದು ಲಾಭವೂ ಇದೆ: ಅದು ಪೆಟ್ಟಿಗೆಯಲ್ಲಿ ಕೂರುತ್ತದೆ, ಸಾಗಾಟದಲ್ಲಿ ಸ್ಲಾಟ್ ಮುರಿಯುವುದಿಲ್ಲ. ಆದರೆ ಮೂರು ಫ್ಯಾನಿನ ಕಾರ್ಡ್ ಅಳೆದು ಬರೆದ ಪಟ್ಟಿಯನ್ನು ಒಇಎಂ ಕಾರ್ಡಿಗೆ ಅನ್ವಯಿಸಲು ಬರುವುದಿಲ್ಲ. ಸಿದ್ಧ ಪಿಸಿಗಳನ್ನೇ ಕೊಂಡು ತಂದು, ಬಿಚ್ಚಿ, ಮುಂದಿನ ಫಲಕ ಹಾಕಿಯೂ ತೆಗೆದೂ ಅಳೆದು ತೋರಿಸಿದ ಗೇಮರ್ಸ್ ನೆಕ್ಸಸ್‌ನ ಸ್ಟೀವ್ ಬರ್ಕ್ ಅವರ ಕೆಲಸಕ್ಕೆ ಈ ಕಾರಣಕ್ಕೇ ನಾನು ಬೆಲೆ ಕೊಡುತ್ತೇನೆ. ಅವರು ಅಳೆದದ್ದು ಕಾರ್ಡನ್ನಲ್ಲ, ಪೆಟ್ಟಿಗೆಯನ್ನು.

ಈಗ ಬಿಸಿಯ ಮಾತು. ಗ್ರಾಫಿಕ್ಸ್ ಕಾರ್ಡಿಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. 300 ವಾಟ್ ಬಿಸಿಯನ್ನು, ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಹೆಚ್ಚು ಏರದಂತೆ ಹೊರಗೆ ಸಾಗಿಸಲು ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ ಸುಮಾರು ಒಂದೂವರೆ ಘನ ಮೀಟರ್ ಗಾಳಿ ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳು. ಹಾಗಾಗಿ ಅದೇ ಕೆಲಸಕ್ಕೆ ಇಲ್ಲಿ 1.7 ಘನ ಮೀಟರ್ ಬೇಕಾಗುತ್ತದೆ. 12 ಸೆಂಟಿಮೀಟರಿನ ಒಂದು ಒಳ್ಳೆಯ ಫ್ಯಾನ್ ಎದುರಿಗೆ ಏನೂ ಅಡ್ಡಿಯಿಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟನ್ನು ತಳ್ಳುತ್ತದೆ. ಮುಂದೆ ಪ್ಲಾಸ್ಟಿಕ್ ಮುಖ, ಜಾಲರಿ, ದೂಳು, ಕೇಬಲ್ ಎಲ್ಲ ಅಡ್ಡ ಬಂದರೆ ಅದರ ಅರ್ಧವೂ ದಾಟುವುದಿಲ್ಲ. ಪ್ರೊಸೆಸರಿನ ಬಿಸಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಒಂದೇ ಫ್ಯಾನಿನ ಸಿದ್ಧ ಪೆಟ್ಟಿಗೆಯಲ್ಲಿ 300 ವಾಟ್‌ನ ಕಾರ್ಡು ಏಕೆ ಏದುಸಿರು ಬಿಡುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕೋಣೆಯ ಬಿಸಿಯನ್ನೂ ಕೂಡಿಸಬೇಕು. ವಾಟ್ ಮತ್ತು ಫ್ಯಾನ್ ವೇಗ ಬದಲಾಗದಿದ್ದರೆ ಕೋಣೆ ಒಂದು ಡಿಗ್ರಿ ಏರಿದಾಗ ಚಿಪ್ಪೂ ಸುಮಾರು ಒಂದು ಡಿಗ್ರಿ ಏರುತ್ತದೆ. 21 ಡಿಗ್ರಿಯ ಕೋಣೆಯಲ್ಲಿ 68 ಡಿಗ್ರಿ ತೋರಿಸಿದ ಕಾರ್ಡು ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಎಸಿಯಿಲ್ಲದ 38 ಡಿಗ್ರಿಯ ಕೋಣೆಯಲ್ಲಿ 85ಕ್ಕೆ ಹೋಗುತ್ತದೆ. ಎನ್‌ವಿಡಿಯಾದ ಹಲವು ಪೀಳಿಗೆಯ ಕಾರ್ಡುಗಳಲ್ಲಿ ಕಾರ್ಖಾನೆ ಇಟ್ಟ ಗುರಿ 83 ಡಿಗ್ರಿಯ ಆಸುಪಾಸು. ಅದು ದಾಟುವ ಹೊತ್ತಿಗೆ ಕಾರ್ಡು ತಾನೇ ವೇಗ ಇಳಿಸತೊಡಗುತ್ತದೆ. ಇದು ಕೆಟ್ಟುಹೋಗುವ ಲಕ್ಷಣವಲ್ಲ, ಕಾರ್ಡು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಮೆಮೊರಿಯ ಬಿಸಿಯನ್ನು ಬೇರೆಯಾಗಿಯೇ ನೋಡಬೇಕು. ಆರ್‌ಟಿಎಕ್ಸ್ 3080, 3090ಗಳಲ್ಲಿದ್ದ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿ ಮುಟ್ಟಿ ವೇಗ ಕಡಿತಕ್ಕೆ ಒಳಗಾಗುತ್ತಿತ್ತು. ಆಗಲೂ ಮುಖ್ಯ ಚಿಪ್ 70ರಲ್ಲೇ ಇರುತ್ತಿದ್ದುದರಿಂದ ಎಲ್ಲ ಸರಿಯಾಗಿದೆ ಎಂದೇ ಬಳಸುವವರಿಗೆ ಕಾಣುತ್ತಿತ್ತು.

ಪೆಟ್ಟಿಗೆಯನ್ನೇ ಬಿಸಿಗಾಗಿ ಮರುವಿನ್ಯಾಸ ಮಾಡಿದ ಒಂದು ಪ್ರಯತ್ನ ಇತಿಹಾಸದಲ್ಲಿದೆ. ಪೆಂಟಿಯಮ್ 4 ಪ್ರೊಸೆಸರುಗಳು ಸುಡತೊಡಗಿದಾಗ ಇಂಟೆಲ್ 2004ರ ಸುಮಾರಿಗೆ ಬಿಟಿಎಕ್ಸ್ ಎಂಬ ಮದರ್‌ಬೋರ್ಡ್ ಮಾದರಿಯನ್ನು ತಂದಿತು. ಮುಂದಿನಿಂದ ಬಂದ ತಣ್ಣನೆಯ ಗಾಳಿ ಪ್ರೊಸೆಸರನ್ನು ದಾಟಿ ನೇರವಾಗಿ ಹಿಂದಕ್ಕೆ ಹೋಗುವ ದಾರಿ ಅದರಲ್ಲಿತ್ತು. ಗ್ರಾಫಿಕ್ಸ್ ಕಾರ್ಡಿನ ಮುಖ ಕೆಳಕ್ಕಿರುವ ಬದಲು ಮೇಲಕ್ಕೆ ಬಂದು ಆ ಗಾಳಿಯ ದಾರಿಗೆ ಎದುರಾಗುತ್ತಿತ್ತು. ಡೆಲ್ ಅದನ್ನು ಆಪ್ಟಿಪ್ಲೆಕ್ಸ್‌ಗಳಲ್ಲಿ ವರ್ಷಗಟ್ಟಲೆ ಬಳಸಿತು. ಕಡಿಮೆ ಬಿಸಿಯ ಪ್ರೊಸೆಸರುಗಳು ಬಂದಮೇಲೆ ಇಂಟೆಲ್ 2006ರಲ್ಲಿ ಅದನ್ನು ಕೈಬಿಟ್ಟಿತು. ಪ್ರೊಸೆಸರಿನ ಸಮಸ್ಯೆ ಆಗ ಮುಗಿದಿತ್ತು, ಗ್ರಾಫಿಕ್ಸ್ ಕಾರ್ಡಿನದು ಆಗಷ್ಟೇ ಶುರುವಾಗುತ್ತಿತ್ತು. ಇವತ್ತಿಗೂ ಬಹುಪಾಲು ಟವರ್‌ಗಳಲ್ಲಿ ಕಾರ್ಡಿನ ಫ್ಯಾನ್‌ಗಳು ಕೆಳಮುಖವಾಗಿ, ಗಾಳಿ ಕಡಿಮೆ ಆಡುವ ಜಾಗದಲ್ಲೇ ಇವೆ. 2016ರಿಂದ ಕೆಲವು ವರ್ಷ ಬಂದ ಏಲಿಯನ್‌ವೇರ್ ಅರೋರಾದಲ್ಲಿ ಎಸ್‌ಎಂಪಿಎಸ್ಸನ್ನು ಬಾಗಿಲಿನಂತೆ ತೆರೆಯುವ ತೋಳಿಗೆ ಕಟ್ಟಿ ಮದರ್‌ಬೋರ್ಡಿನ ಎದುರಿಗೇ ಇಟ್ಟಿದ್ದರು. ಜಾಗ ಉಳಿಯಿತು, ಗಾಳಿಯ ದಾರಿ ಕಿರಿದಾಯಿತು.

ಇಂಥ ಪೆಟ್ಟಿಗೆಗೆ ಯಾವ ಬಗೆಯ ಕೂಲರ್ ಒಳ್ಳೆಯದು? ಎರಡು ಜಾತಿಗಳಿವೆ. ಬ್ಲೋವರ್ ಬಗೆಯದರಲ್ಲಿ ಒಂದೇ ಚಕ್ರ ಗಾಳಿ ಎಳೆದು, ಮುಚ್ಚಿದ ಹೀಟ್‌ಸಿಂಕ್ ಮೂಲಕ ನೂಕಿ, ಕ್ಯಾಬಿನೆಟ್ಟಿನ ಹಿಂಭಾಗದಿಂದ ಹೊರಗೆ ಬಿಡುತ್ತದೆ. ತೆರೆದ ಬಗೆಯದರಲ್ಲಿ ಎರಡು ಮೂರು ಫ್ಯಾನ್‌ಗಳು ಬಿಸಿಯನ್ನು ಕ್ಯಾಬಿನೆಟ್ಟಿನ ಒಳಗೇ ಚೆಲ್ಲುತ್ತವೆ, ಹೊರಗೆ ಹಾಕುವ ಕೆಲಸ ಕ್ಯಾಬಿನೆಟ್ಟಿನ ಫ್ಯಾನಿನದು. ತೆರೆದ ಮೇಜಿನ ಮೇಲೆ ಎರಡನೆಯದೇ ಗೆಲ್ಲುತ್ತದೆ, ಸದ್ದೂ ಕಡಿಮೆ. ಆದರೆ ಗಾಳಿ ಕಟ್ಟಿದ ಪೆಟ್ಟಿಗೆಯಲ್ಲಿ ಅದು ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ, ಪಕ್ಕದ ಪ್ರೊಸೆಸರನ್ನೂ ಕಾಯಿಸುತ್ತದೆ. ಗದ್ದಲವನ್ನು ಸಹಿಸಬಲ್ಲವರಿಗೆ ಇಕ್ಕಟ್ಟಿನ ಬ್ರಾಂಡೆಡ್ ಪೆಟ್ಟಿಗೆಯಲ್ಲಿ ಬ್ಲೋವರ್ ಕಾರ್ಡೇ ಸರಿ ಎಂಬುದು ನನ್ನ ಅಭಿಪ್ರಾಯ. 70 ವಾಟ್‌ನ ಕಾರ್ಡಾದರೆ ಮಾತ್ರ ಈ ವ್ಯತ್ಯಾಸಕ್ಕೆ ಮಹತ್ವವಿಲ್ಲ. ನೀರಿನ ಕೂಲಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೇಡಿಯೇಟರ್ ಕೂರಿಸಲು ಜಾಗವಿರುವ ಸಿದ್ಧ ಪೆಟ್ಟಿಗೆಗಳು ಕಡಿಮೆ, ಜಾಗವಿದ್ದಲ್ಲಿ ಅದು ಪ್ರೊಸೆಸರಿಗೆ ಹೋಗಿರುತ್ತದೆ.

ಹೀಟ್‌ಪೈಪ್ ಮತ್ತು ವೇಪರ್ ಚೇಂಬರ್‌ಗಳು ಒಳಗಿನ ಹನಿ ದ್ರವ ಆವಿಯಾಗಿ ಮತ್ತೆ ತಣಿಯುವ ತತ್ವದ ಮೇಲೆ ನಡೆಯುತ್ತವೆ. ಅಲ್ಲಿ ಸ್ವಲ್ಪ ಏರುಪೇರಾದರೂ ಏನಾಗುತ್ತದೆಂದು 2022ರ ಡಿಸೆಂಬರಿನಲ್ಲಿ ಗೊತ್ತಾಯಿತು. ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನ ಒಂದು ತಂಡದ ಕಾರ್ಡುಗಳು 110 ಡಿಗ್ರಿ ಮುಟ್ಟುತ್ತಿದ್ದವು. ವೇಪರ್ ಚೇಂಬರಿನಲ್ಲಿ ದ್ರವ ಸಾಲದಾಗಿತ್ತು. ಕಾರ್ಡನ್ನು ನಿಲ್ಲಿಸಿದರೆ ಒಂದು ಉಷ್ಣತೆ, ಟವರಿನಲ್ಲಿರುವಂತೆ ಮಲಗಿಸಿದರೆ ಇನ್ನೊಂದು. ಕಂಪನಿ ತಪ್ಪೊಪ್ಪಿಕೊಂಡು ಬದಲಿಸಿಕೊಟ್ಟಿತು.

ಓವರ್‌ಕ್ಲಾಕಿಂಗ್‌ಗೆ ಬರೋಣ. ಈ ಹವ್ಯಾಸಕ್ಕೆ ಒಂದು ಚಿನ್ನದ ಕಾಲವಿತ್ತು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರನ್ನು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸುವುದು ಬಸ್ ವೇಗವನ್ನು 66ರಿಂದ 100ಕ್ಕೆ ಬದಲಿಸಿದಷ್ಟೇ ಸುಲಭವಾಗಿತ್ತು. ಗ್ರಾಫಿಕ್ಸ್‌ನಲ್ಲಿ 2010ರ ಜಿಟಿಎಕ್ಸ್ 460 ಕಾರ್ಖಾನೆಯಿಂದ 675 ಮೆಗಾಹರ್ಟ್ಸ್‌ಗೆ ಬಂದರೂ 800 ದಾಟುತ್ತಿತ್ತು. ಅದೇ ವರ್ಷದ ಕೊನೆಗೆ ಬಂದ ರೇಡಿಯಾನ್ ಎಚ್‌ಡಿ 6950ಕ್ಕೆ ಅದರ ಅಣ್ಣ 6970ರ ಬಯಾಸ್ ಹಾಕಿದರೆ ಮುಚ್ಚಿಟ್ಟ ಕೋರ್‌ಗಳು ಎಚ್ಚರವಾಗುತ್ತಿದ್ದವು. ಕಂಪನಿಗಳು ಸುರಕ್ಷತೆಗೆಂದು ಬಿಟ್ಟ ಅಂಚನ್ನು ಬಳಸುವವರು ತಮ್ಮದಾಗಿಸಿಕೊಂಡಿದ್ದ ಕಾಲ ಅದು.

2012ರ ಮಾರ್ಚಿನಲ್ಲಿ ಜಿಟಿಎಕ್ಸ್ 680 ಜೊತೆ ಬಂದ ಜಿಪಿಯು ಬೂಸ್ಟ್ ಆ ಕಾಲವನ್ನು ಮುಗಿಸಿತು. ಅಲ್ಲಿಂದೀಚೆಗೆ ಕಾರ್ಡು ತನ್ನ ವಾಟ್, ಉಷ್ಣತೆ, ವೋಲ್ಟೇಜ್ ನೋಡಿಕೊಂಡು ಕ್ಷಣಕ್ಷಣಕ್ಕೂ ತಾನೇ ಓವರ್‌ಕ್ಲಾಕ್ ಮಾಡಿಕೊಳ್ಳುತ್ತದೆ. ಎನ್‌ವಿಡಿಯಾದ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಿಸಿ ಏರಿದಂತೆ ವೇಗ ಸುಮಾರು 13 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಇಳಿಯುತ್ತದೆ, 83 ಡಿಗ್ರಿಗೆ ಬಹಳ ಮೊದಲೇ. ಅಂದರೆ ಕಾರ್ಡನ್ನು ತಂಪಾಗಿಟ್ಟವರು ಯಾವ ತಂತ್ರಾಂಶವನ್ನೂ ಮುಟ್ಟದೆಯೇ ವೇಗ ಪಡೆದಿರುತ್ತಾರೆ. ಸಿದ್ಧ ಪೆಟ್ಟಿಗೆಯಲ್ಲಿ ಕೂಲಿಂಗೇ ಮೊದಲನೆಯ ಓವರ್‌ಕ್ಲಾಕಿಂಗ್ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಬ್ರಾಂಡೆಡ್ ಯಂತ್ರಗಳಲ್ಲಿ ಪ್ರೊಸೆಸರಿನ ಓವರ್‌ಕ್ಲಾಕಿಂಗ್‌ಗೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಹಾಗಿಲ್ಲ. ಅಲೆಕ್ಸಿ ನಿಕೊಲಾಯ್ಚುಕ್ ಬರೆದ ಎಂಎಸ್‌ಐ ಆಫ್ಟರ್‌ಬರ್ನರ್ ಯಾವ ಕಂಪನಿಯ ಕಾರ್ಡಿನ ಮೇಲೂ ನಡೆಯುತ್ತದೆ. ಎಎಂಡಿಯ ಸ್ವಂತ ತಂತ್ರಾಂಶ ಅಡ್ರಿನಲಿನ್‌ನಲ್ಲಿ ಅದೇ ಸೌಲಭ್ಯ ಒಳಗೇ ಇದೆ. ಏರಿಸಲು ಹೋದವರು ಮೊದಲು ತಿಳಿಯಬೇಕಾದದ್ದು ಕಾರ್ಡನ್ನು ಈಗ ತಡೆಯುತ್ತಿರುವುದು ಯಾವುದು ಎಂದು. ಜಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶ ಇದನ್ನು ನೇರವಾಗಿ ತೋರಿಸುತ್ತದೆ: ವಿದ್ಯುತ್ ಮಿತಿಯೋ, ಉಷ್ಣತೆಯೋ, ವೋಲ್ಟೇಜೋ. 75 ವಾಟ್‌ನ ಕಾರ್ಡಿನಲ್ಲಿ ಉತ್ತರ ಹೆಚ್ಚೂಕಡಿಮೆ ಯಾವಾಗಲೂ ವಿದ್ಯುತ್ ಮಿತಿ. ಅಲ್ಲಿ ಕೋರ್ ವೇಗದ ಸ್ಲೈಡರ್ ಎಷ್ಟು ಎಳೆದರೂ ಕಾರ್ಡು 75 ವಾಟ್‌ನ ಗೋಡೆಗೆ ಬಡಿದು ನಿಲ್ಲುತ್ತದೆ. ಮೆಮೊರಿ ವೇಗ ಸ್ವಲ್ಪ ಏರಿಸಿದರೆ ಚೂರು ಲಾಭವಾಗಬಹುದು. ಆದರೆ ಜಿಡಿಡಿಆರ್6ಎಕ್ಸ್‌ನಂಥ ಹೊಸ ಮೆಮೊರಿಗಳು ತಪ್ಪಾದಾಗ ಯಂತ್ರವನ್ನು ಕೆಡವುವುದಿಲ್ಲ, ದತ್ತಾಂಶವನ್ನು ಮತ್ತೆ ಕಳಿಸುತ್ತವೆ. ಹಾಗಾಗಿ ಸಂಖ್ಯೆ ಏರಿದರೂ ಫ್ರೇಮ್‌ಗಳು ಇಳಿಯಬಹುದು. ಪ್ರತಿ ಹೆಜ್ಜೆಯಲ್ಲೂ ಅಳೆಯದೆ ಏರಿಸುವುದು ವ್ಯರ್ಥ.

ಸಿದ್ಧ ಪಿಸಿಯಲ್ಲಿ ನಿಜವಾದ ಲಾಭ ಇರುವುದು ವೋಲ್ಟೇಜ್ ಇಳಿಸುವುದರಲ್ಲಿ. ಚಿಪ್ಪಿನ ಸ್ವಿಚಿಂಗ್‌ಗೆ ಹೋಗುವ ವಿದ್ಯುತ್ತು ವೇಗದ ಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.05 ವೋಲ್ಟ್‌ನಲ್ಲಿ ನಡೆಯುವ ಚಿಪ್ಪು ಅದೇ ವೇಗಕ್ಕೆ 0.90 ವೋಲ್ಟ್‌ನಲ್ಲಿ ನಡೆದರೆ ಆ ಭಾಗದ ವಿದ್ಯುತ್ತು ಶೇ 26ರಷ್ಟು ಕಡಿಮೆಯಾಗುತ್ತದೆ. ಕಾರ್ಖಾನೆ ಎಲ್ಲ ಚಿಪ್ಪುಗಳಿಗೂ, ದುರ್ಬಲವಾದದ್ದಕ್ಕೂ, ಸಾಲುವಷ್ಟು ವೋಲ್ಟೇಜ್ ಇಟ್ಟಿರುತ್ತದೆ. ಬಹುಪಾಲು ಚಿಪ್ಪುಗಳಿಗೆ ಅಷ್ಟು ಬೇಕಿಲ್ಲ. ಆಫ್ಟರ್‌ಬರ್ನರ್‌ನಲ್ಲಿ ವೋಲ್ಟೇಜ್–ವೇಗದ ಗೆರೆಯನ್ನು ತೆರೆದು, 0.90 ವೋಲ್ಟ್‌ನ ಬಿಂದುವನ್ನು ಬೇಕಾದ ವೇಗಕ್ಕೆ ಎತ್ತಿ, ಅಲ್ಲಿಂದ ಮುಂದಿನ ಗೆರೆಯನ್ನು ಸಮತಟ್ಟು ಮಾಡಬೇಕು. 320 ವಾಟ್‌ನ ಆರ್‌ಟಿಎಕ್ಸ್ 3080 ಹೀಗೆ 250ರ ಆಸುಪಾಸಿಗೆ ಇಳಿದು, ಶೇಕಡಾ ಒಂದೆರಡು ಅಂಶ ಮಾತ್ರ ವೇಗ ಕಳೆದುಕೊಳ್ಳುವುದು ಸಾಮಾನ್ಯ. ಗಾಳಿ ಕಟ್ಟಿದ ಪೆಟ್ಟಿಗೆಯಲ್ಲಾದರೆ ಎಷ್ಟೋ ಸಲ ವೇಗ ಏರುತ್ತದೆ, ಏಕೆಂದರೆ ಅಲ್ಲಿ ಕಾರ್ಡು ಬಿಸಿಯಿಂದ ಮೊದಲೇ ಇಳಿದಿರುತ್ತದೆ. ಗೆರೆ ತಿದ್ದುವುದು ಬೇಡವೆಂದರೆ ಪವರ್ ಲಿಮಿಟ್ ಸ್ಲೈಡರನ್ನು 80ಕ್ಕೆ ಇಳಿಸಿದರೂ ಸಾಕು. 450 ವಾಟ್‌ನ ಆರ್‌ಟಿಎಕ್ಸ್ 4090 ಕೂಡ ಶೇ 70ರ ಮಿತಿಯಲ್ಲಿ ಬಹಳ ಅಲ್ಪ ವೇಗವನ್ನಷ್ಟೇ ಬಿಟ್ಟುಕೊಡುತ್ತದೆ.

ಪರೀಕ್ಷೆ ಹೇಗೆ? ಮೂರು ನಿಮಿಷದ ಬೆಂಚ್‌ಮಾರ್ಕ್ ಸಿದ್ಧ ಪೆಟ್ಟಿಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಲೋಹ ಇನ್ನೂ ಕಾದಿರುವುದಿಲ್ಲ. 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ ಒಂದೇ ದೃಶ್ಯವನ್ನು 20 ಸುತ್ತು ಓಡಿಸಿ, ಅತಿ ನಿಧಾನದ ಸುತ್ತು ಅತಿ ವೇಗದ ಸುತ್ತಿನ ಶೇ 97ರಷ್ಟಾದರೂ ಇದ್ದರೆ ಮಾತ್ರ ಪಾಸು ಮಾಡುತ್ತದೆ. ಆ ಅಂಕ ನನಗೆ ಗರಿಷ್ಠ ಸ್ಕೋರಿಗಿಂತ ಮುಖ್ಯ. ಪಕ್ಕದ ಫಲಕ ತೆಗೆದು ಅದೇ ಪರೀಕ್ಷೆ ಮತ್ತೆ ಓಡಿಸಿದಾಗ ಉಷ್ಣತೆ ಏಳೆಂಟು ಡಿಗ್ರಿ ಇಳಿದರೆ ದೋಷ ಕಾರ್ಡಿನಲ್ಲಿಲ್ಲ, ಗಾಳಿಯ ದಾರಿಯಲ್ಲಿದೆ. ಮುಂದೆ ಒಂದು ಫ್ಯಾನ್ ಸೇರಿಸುವುದು, ಕೇಬಲ್ ಒಂದು ಬದಿಗೆ ಕಟ್ಟುವುದು, ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನಿಂದ ಹೊರಗೆ ತೆಗೆಯುವುದು, ಇಷ್ಟರಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ. ಫಲಕ ತೆಗೆದರೂ ಉಷ್ಣತೆ ಇಳಿಯದಿದ್ದರೆ ಒಣಗಿದ ಥರ್ಮಲ್ ಪೇಸ್ಟನ್ನೋ ದೂಳು ಕಟ್ಟಿದ ಹೀಟ್‌ಸಿಂಕನ್ನೋ ನೋಡಬೇಕು. ಗಾಳಿ ಊದುವ ಯಂತ್ರದಿಂದ ದೂಳು ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಬದಲಿಸುವವರು ಹಳೆಯದರ ದಪ್ಪವನ್ನೇ ತರಬೇಕು; ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮುಖ್ಯ ಚಿಪ್ಪಿನಿಂದ ಮೇಲೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಮೈನಿಂಗ್ ನಿಂತಮೇಲೆ ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದ ಕಾರ್ಡುಗಳಲ್ಲಿ ಮೊದಲು ನೋಡಬೇಕಾದದ್ದು ಈ ಪ್ಯಾಡುಗಳನ್ನೇ. ಕಂಪನಿಯ ವಾರಂಟಿ ಇನ್ನೂ ಇದ್ದರೆ ಮಾತ್ರ ಕಾರ್ಡು ಬಿಚ್ಚುವ ಮುಂಚೆ ಅದರ ಷರತ್ತು ಓದಬೇಕು.

ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಗ್ರಾಫಿಕ್ಸ್ ಕೇಬಲ್ ಇಲ್ಲದ ಎಸ್‌ಎಂಪಿಎಸ್‌ಗೆ ಸಾಟಾ ಪ್ಲಗ್‌ನಿಂದ 6 ಪಿನ್ ಮಾಡುವ ಅಗ್ಗದ ಅಡಾಪ್ಟರ್ ಹಾಕಬೇಡಿ. ಸಾಟಾ ಪ್ಲಗ್‌ನ 12 ವೋಲ್ಟ್ ಪಿನ್ನುಗಳು 54 ವಾಟ್‌ಗೆ ಮಾತ್ರ ಲಾಯಕ್ಕು. ಕಾರ್ಡು ಅಲ್ಲಿಂದ 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಮೇಲ್ಮಟ್ಟದಲ್ಲೂ ಇದೇ ಭಯವಿದೆ. 600 ವಾಟ್‌ಗೆ ರೂಪಿಸಿದ 16 ಪಿನ್ನಿನ ಕನೆಕ್ಟರ್ 2022ರ ಅಕ್ಟೋಬರಿನಿಂದ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕರಗಿದ ವರದಿಗಳು ಬಂದವು. ಪ್ಲಗ್ ಪೂರ್ತಿ ಒಳಗೆ ಕೂರದಿರುವುದು ಒಂದು ಮುಖ್ಯ ಕಾರಣವಾಗಿತ್ತು. ಅಗಲ ಸಾಲದ ಕ್ಯಾಬಿನೆಟ್ಟಿನಲ್ಲಿ ಪಕ್ಕದ ಫಲಕ ಕೇಬಲ್ಲನ್ನು ಒತ್ತಿ ಬಗ್ಗಿಸುತ್ತದೆ. ಯಂತ್ರ ಮನೆಗೆ ಬಂದ ದಿನ, ಸಾಗಾಟಕ್ಕೆಂದು ಒಳಗೆ ತುಂಬಿದ ಫೋಮ್ ತೆಗೆಯುವಾಗಲೇ ಆ ಪ್ಲಗ್ಗನ್ನು ಒಮ್ಮೆ ಒತ್ತಿ ನೋಡಬೇಕು.

ಮುಂದೇನು ಎಂಬುದು ನನಗೆ ಚಿಂತೆಯ ವಿಷಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ಆದ್ದರಿಂದ ಕಚೇರಿಗಳಿಂದ ಇಂಥ ಯಂತ್ರಗಳು ಇನ್ನೂ ಹೆಚ್ಚಾಗಿ ಹೊರಬೀಳುತ್ತವೆ. ಲಿನಕ್ಸ್ ಹಾಕಿ, ಒಂದು ಕಾರ್ಡು ಸೇರಿಸಿ, ಇನ್ನೂ ಐದಾರು ವರ್ಷ ಓಡಿಸಬಹುದಾದ ಯಂತ್ರಗಳು ಅವು. ಆದರೆ ಸ್ಲಾಟ್‌ನ ವಿದ್ಯುತ್ತಿನಲ್ಲೇ ನಡೆಯುವ ಕಾರ್ಡುಗಳ ಸಾಲು ತೆಳುವಾಗುತ್ತಿದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸಾಲಿನ ಅತಿ ಚಿಕ್ಕ ಡೆಸ್ಕ್‌ಟಾಪ್ ಕಾರ್ಡು 5050ಕ್ಕೇ 130 ವಾಟ್ ಬೇಕು. ಅತಿ ದೊಡ್ಡ 5090ಕ್ಕೆ 575.

ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಒಂದು ದಾರಿ ಆಗಲೇ ಸಿಕ್ಕಿದೆ. ಒಂದೇ ಹೆಸರಿನ ಚಿಪ್ಪು ಒಂದು ಲ್ಯಾಪ್‌ಟಾಪ್‌ನಲ್ಲಿ 80 ವಾಟ್‌ಗೆ, ಇನ್ನೊಂದರಲ್ಲಿ 150ಕ್ಕೆ ನಡೆಯುತ್ತಿದ್ದಾಗ ಗೊಂದಲ ಎದ್ದು, 2021ರ ಆರಂಭದಲ್ಲಿ ಎನ್‌ವಿಡಿಯಾ ಲ್ಯಾಪ್‌ಟಾಪ್ ಕಂಪನಿಗಳಿಗೆ ವಾಟ್ ಮತ್ತು ಕ್ಲಾಕ್ ವೇಗವನ್ನು ಪ್ರಕಟಿಸಲೇಬೇಕೆಂದು ಹೇಳಿತು. ಸಿದ್ಧ ಡೆಸ್ಕ್‌ಟಾಪ್‌ಗಳಿಗೂ ಅದೇ ಬೇಕು. ಕಾರ್ಡಿಗೆ ಇಟ್ಟಿರುವ ವಿದ್ಯುತ್ ಮಿತಿ, ಎಸ್‌ಎಂಪಿಎಸ್ 12 ವೋಲ್ಟ್‌ನಲ್ಲಿ ಕೊಡುವ ಆಂಪಿಯರ್, ಫಲಕ ಮುಚ್ಚಿ 35 ಡಿಗ್ರಿಯ ಕೋಣೆಯಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಉಳಿಯುವ ವೇಗ. ಈ ಮೂರೂ ಕಂಪನಿಗಳು ಮನಸ್ಸು ಮಾಡಿದರೆ ಅಳೆದು ಹೇಳಬಹುದಾದ ಸಂಖ್ಯೆಗಳೇ. ಯಂತ್ರದ ಡಬ್ಬದ ಮೇಲೆ ಕಾರ್ಡಿನ ಹೆಸರಿನ ಪಕ್ಕದಲ್ಲಿ ಅವನ್ನೂ ಅಚ್ಚು ಹಾಕಬೇಕೆಂದು ಕೊಳ್ಳುವವರು ಕೇಳಬೇಕು. ಸಾವಿರಗಟ್ಟಲೆ ಯಂತ್ರಗಳಿಗೆ ಒಮ್ಮೆಲೇ ಟೆಂಡರ್ ಕರೆಯುವ ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು ಮೊದಲು ಕೇಳಬೇಕು.